ಹಾಡಿನ ಕೆಳಗೆ ಯಾರ ಹೆಸರು?

1967ರ ಮೇ ತಿಂಗಳಲ್ಲಿ ಪ್ರೋಕೋಲ್ ಹಾರಮ್ ಎಂಬ ಹೊಸ ತಂಡವೊಂದು ಲಂಡನ್ನಿನಲ್ಲಿ ತನ್ನ ಮೊದಲ ಹಾಡನ್ನು ಹೊರತಂದಿತು. ‘ಎ ವೈಟರ್ ಶೇಡ್ ಆಫ್ ಪೇಲ್’ ಎಂಬ ಆ ಹಾಡು ಜೂನ್ ತಿಂಗಳಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿ ಆರು ವಾರ ಅಲ್ಲಿಯೇ ನಿಂತಿತು. ನಾಲ್ಕು ದಶಕಗಳ ನಂತರ, 2009ರಲ್ಲಿ, ಹಿಂದಿನ 75 ವರ್ಷಗಳಲ್ಲಿ ಬ್ರಿಟನ್ನಿನ ಸಾರ್ವಜನಿಕ ಸ್ಥಳಗಳಲ್ಲಿ ಅತಿ ಹೆಚ್ಚು ಕೇಳಿಬಂದ ಹಾಡು ಯಾವುದೆಂದು ಲೆಕ್ಕ ಹಾಕಿದಾಗ ಮೊದಲ ಸ್ಥಾನ ಪಡೆದದ್ದೂ ಇದೇ. ಸಾಹಿತ್ಯದ ಒಂದು ಸಾಲನ್ನೂ ಪೂರ್ತಿ ಹೇಳಲಾರದವರು ಕೂಡ, ಹಾಡು ಶುರುವಾಗುವಾಗ ಹ್ಯಾಮಂಡ್ ಆರ್ಗನ್ನಿನಲ್ಲಿ ನಿಧಾನವಾಗಿ ಹರಿದುಬರುವ ಆ ಸ್ವರಗಳನ್ನು ಗುನುಗಬಲ್ಲರು. ಆದರೆ ಧ್ವನಿಮುದ್ರಿಕೆಯ ಮೇಲೆ ರಚನೆಕಾರರೆಂದು ಅಚ್ಚಾಗಿದ್ದದ್ದು ಎರಡೇ ಹೆಸರು: ಧಾಟಿ ಹಾಕಿ ಹಾಡಿದ ಗ್ಯಾರಿ ಬ್ರೂಕರ್ ಮತ್ತು ಸಾಹಿತ್ಯ ಬರೆದ ಕೀತ್ ರೀಡ್. ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಷರ್ ಅವರ ಹೆಸರು ಅಲ್ಲಿರಲಿಲ್ಲ.

ದಶಕಗಳಿಂದ ಉಳಿದುಬಂದಿರುವ ಬ್ರಿಟಿಷ್ ಪಾಪ್ ಹಾಡುಗಳನ್ನು ಕೇಳುವಾಗಲೆಲ್ಲ ನನ್ನ ಗಮನ ರಚನೆಕಾರರ ಹೆಸರಿರುವ ಈ ಸಾಲಿನ ಮೇಲೆ ಹೋಗುತ್ತದೆ. ಇವುಗಳಲ್ಲಿ ಎಷ್ಟೋ ಹಾಡುಗಳು ಉಳಿಯಲು ಕಾರಣವಾದ ಭಾಗ, ರಚನೆಕಾರರ ಸಾಲಿನಲ್ಲಿ ಹೆಸರಿಲ್ಲದ ಯಾರೋ ನುಡಿಸಿದ ಅಥವಾ ಹಾಡಿದ ಭಾಗವೇ ಆಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದು ಬರಿಯ ಅಭಿಮಾನಿಯ ತಕರಾರಲ್ಲ. ಬ್ರಿಟನ್ನಿನ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಹಲವು ಸಲ ಎದುರಿಸಿವೆ, ಮತ್ತು ಎಲ್ಲ ಸಲವೂ ಒಂದೇ ಉತ್ತರ ಕೊಟ್ಟಿಲ್ಲ.

ಪ್ರೋಕೋಲ್ ಹಾರಮ್ ತಂಡದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೀತ್ ರೀಡ್ ಆ ತಂಡದ ಪೂರ್ಣ ಸದಸ್ಯರಾಗಿದ್ದರೂ ವೇದಿಕೆಯ ಮೇಲೆ ಏನನ್ನೂ ನುಡಿಸುತ್ತಿರಲಿಲ್ಲ. ಅವರ ಕೆಲಸ ಬರೆಯುವುದಷ್ಟೇ. ಯಾವುದೋ ಕೂಟದಲ್ಲಿ ಕಿವಿಗೆ ಬಿದ್ದ ಮಾತೊಂದು ಹಾಡಿನ ಶೀರ್ಷಿಕೆಯಾಯಿತೆಂದು ಅವರೇ ಹೇಳಿದ್ದಾರೆ. ಅವರು ಬರೆದದ್ದು ನಾಲ್ಕು ಚರಣ, ಧ್ವನಿಮುದ್ರಿಕೆಯಲ್ಲಿ ಉಳಿದದ್ದು ಎರಡು. ಜರ್ಮನಿಯ ಹಳೆಯ ಸಂಗೀತಗಾರ ಬಾಖ್ ಅವರ ರಚನೆಗಳಲ್ಲಿ ಒಂದೊಂದೇ ಸ್ವರ ಇಳಿಯುತ್ತ ಹೋಗುವ ಮಂದ್ರದ ನಡೆಯಿಂದ ಪ್ರೇರಣೆ ಪಡೆದ ಬ್ರೂಕರ್ ಹಾಡಿನ ಧಾಟಿಯನ್ನು ಕಟ್ಟಿದರು. ಫಿಷರ್ ತಂಡ ಸೇರಿದ್ದು ಆಮೇಲೆ. ಬ್ರೂಕರ್ ಹಾಕಿದ ಆ ತಳಪಾಯದ ಮೇಲೆ ಅವರು ಆರ್ಗನ್ನಿಗೆ ತಮ್ಮದೇ ಆದ ಒಂದು ಸ್ವರಸಾಲನ್ನು ರೂಪಿಸಿದರು. ಅದು ಹಾಡಿನ ಆರಂಭದಲ್ಲಿ, ಚರಣಗಳ ನಡುವೆ, ಮತ್ತೆ ಕೊನೆಯಲ್ಲಿ ಬರುತ್ತದೆ. ಗಾಯಕನ ಧಾಟಿಗೂ ಅದಕ್ಕೂ ಒಂದು ಸಂವಾದ ನಡೆಯುತ್ತಿದೆ ಎನ್ನಿಸುತ್ತದೆ.

ಫಿಷರ್ 1969ರಲ್ಲಿ ತಂಡ ಬಿಟ್ಟರು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು 2005ರಲ್ಲಿ, ಹಾಡು ಹೊರಬಂದ 38 ವರ್ಷಗಳ ಮೇಲೆ. 2006ರ ಡಿಸೆಂಬರಿನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಅವರು, ಫಿಷರ್ ಕೂಡ ಸಂಗೀತದ ಸಹರಚನೆಕಾರರೆಂದು ತೀರ್ಪು ನೀಡಿ ಸಂಗೀತದ ಹಕ್ಕುಸ್ವಾಮ್ಯದಲ್ಲಿ ಶೇ. 40ರಷ್ಟು ಪಾಲು ಕೊಟ್ಟರು. ಆದರೆ ಹಳೆಯ ವರ್ಷಗಳ ಗಳಿಕೆಯಲ್ಲಿ ಪಾಲಿಲ್ಲ, 2005ರಿಂದ ಮುಂದಕ್ಕೆ ಮಾತ್ರ. 2008ರಲ್ಲಿ ಮೇಲ್ಮನವಿ ನ್ಯಾಯಾಲಯವು, ಫಿಷರ್ ರಚನೆಕಾರರೆಂಬುದೇನೋ ನಿಜ, ಆದರೆ ಇಷ್ಟು ತಡವಾಗಿ ಬಂದವರಿಗೆ ಹಣ ಸಲ್ಲದು ಎಂದಿತು. ಕೊನೆಗೆ 2009ರ ಜುಲೈ 30ರಂದು, ಆಗ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಾಧೀಶರೂ ಒಮ್ಮತದಿಂದ ಫಿಷರ್ ಪಾಲನ್ನು ಮರಳಿ ಕೊಟ್ಟರು. ಹಕ್ಕುಸ್ವಾಮ್ಯದ ಒಡೆತನವನ್ನು ಕೇಳಲು ಕಾಲಮಿತಿಯಿಲ್ಲ ಎಂಬುದು ಅವರ ನಿಲುವು. ಅವರಲ್ಲೊಬ್ಬರಾದ ಬ್ಯಾರನೆಸ್ ಹೇಲ್, ತಾವು ಅರವತ್ತರ ದಶಕವನ್ನು ಚೆನ್ನಾಗಿ ನೆನಪಿಟ್ಟುಕೊಂಡಿರುವವರೆಂದೂ, ಮರೆಯಲಾಗದ ಆ ಆರ್ಗನ್ ಭಾಗವನ್ನು ರಚಿಸಿದವರಿಗೆ ಕಡೆಗೂ ಸಲ್ಲಬೇಕಾದ ಮನ್ನಣೆ ಸಿಕ್ಕಿದ್ದು ಸಂತೋಷವೆಂದೂ ತೀರ್ಪಿನಲ್ಲಿಯೇ ಬರೆದರು. ಕಾನೂನಿನ ಒಣ ಭಾಷೆಯ ನಡುವೆ ಇಂಥ ಮಾತು ಸಿಕ್ಕಿದಾಗ ಮನಸ್ಸು ತುಂಬಿಬರುತ್ತದೆ.

ಬ್ರೂಕರ್ ಅವರ ಅಸಮಾಧಾನವನ್ನೂ ನಾನು ತಳ್ಳಿಹಾಕಲಾರೆ. ಮುಂದೆ ಯಾವ ತಂಡವೂ ಸ್ಟುಡಿಯೋದಲ್ಲಿ ನಿರಾಳವಾಗಿ ಕೂತು ಹಾಡು ಕಟ್ಟಲಾರದು, ಜೊತೆಗೆ ನುಡಿಸಿದ ಯಾರಾದರೂ ದಶಕಗಳ ನಂತರ ಪಾಲು ಕೇಳಬಹುದೆಂಬ ಭಯ ಇದ್ದೇ ಇರುತ್ತದೆ ಎಂಬುದು ಅವರ ಆತಂಕವಾಗಿತ್ತು. ಹಾಡನ್ನು ಮೊದಲು ಕಂಡವರು ಅವರು. ಅವರಿಲ್ಲದೆ ಫಿಷರ್ ನುಡಿಸಲು ಹಾಡೇ ಇರುತ್ತಿರಲಿಲ್ಲ. ಆದರೂ ಆರ್ಗನ್ ತೆಗೆದ ‘ಎ ವೈಟರ್ ಶೇಡ್ ಆಫ್ ಪೇಲ್’ ಐವತ್ತು ವರ್ಷ ಬಾಳುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಬ್ರೂಕರ್ 2022ರಲ್ಲಿ, ರೀಡ್ 2023ರಲ್ಲಿ ತೀರಿಕೊಂಡರು.

ಈ ಗೊಂದಲದ ಬೇರು ಇರುವುದು ಹಳೆಯ ವ್ಯಾಪಾರ ಪದ್ಧತಿಯಲ್ಲಿ. ಧ್ವನಿಮುದ್ರಿಕೆ ಮನೆಮನೆಗೆ ಬರುವ ಮೊದಲು ಹಾಡು ಮಾರಾಟವಾಗುತ್ತಿದ್ದದ್ದು ಅಚ್ಚಾದ ಹಾಳೆಗಳಾಗಿ. ಲಂಡನ್ನಿನ ಡೆನ್ಮಾರ್ಕ್ ಸ್ಟ್ರೀಟ್ ಎಂಬ ಪುಟ್ಟ ಬೀದಿಯಲ್ಲಿ ಸಾಲಾಗಿದ್ದ ಪ್ರಕಾಶನ ಕಚೇರಿಗಳು ಸಾಹಿತ್ಯ, ಗಾಯನದ ಧಾಟಿ ಮತ್ತು ಅದಕ್ಕೊಂದು ಪಿಯಾನೊ ಸಾಥ್ ಇಷ್ಟನ್ನು ಹಾಳೆಗಿಳಿಸಿ ಮಾರುತ್ತಿದ್ದವು. ಹಾಡೆಂದರೆ ಸಾಹಿತ್ಯ ಮತ್ತು ಧಾಟಿ, ಉಳಿದದ್ದೆಲ್ಲ ಅಲಂಕಾರ ಎಂಬ ನಂಬಿಕೆ ಬೆಳೆದದ್ದು ಅಲ್ಲಿ. ಬ್ರಿಟನ್ನಿನಲ್ಲಿ ಇಂದಿಗೂ ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ರಚನೆಕಾರರ ಪರವಾಗಿ ಹಣ ವಸೂಲು ಮಾಡುವ ಪಿಆರ್‌ಎಸ್ ಸಂಸ್ಥೆ 1914ರಲ್ಲಿಯೇ ಹುಟ್ಟಿತು. ಧ್ವನಿಮುದ್ರಣಗಳಿಗಾಗಿ ವಸೂಲು ಮಾಡುವ ಪಿಪಿಎಲ್ ಹುಟ್ಟಿದ್ದು 1934ರಲ್ಲಿ. ಮುದ್ರಣವನ್ನು ಪ್ರಸಾರ ಮಾಡಿದಾಗ ಅದರಲ್ಲಿ ನುಡಿಸಿದವರಿಗೂ ನ್ಯಾಯವಾದ ಪಾಲು ಸಲ್ಲಬೇಕೆಂಬ ನಿಯಮ ಬರಲು 1996ರವರೆಗೆ ಕಾಯಬೇಕಾಯಿತು. ರಚನೆಯ ಹಕ್ಕು ರಚನೆಕಾರನ ಜೀವಿತಾವಧಿಗೂ ಅದರ ಮೇಲೆ 70 ವರ್ಷಕ್ಕೂ ಉಳಿಯುತ್ತದೆ. ಧ್ವನಿಮುದ್ರಣಕ್ಕಷ್ಟೇ ಕರೆಸಿಕೊಳ್ಳುವ ಸೆಷನ್ ಕಲಾವಿದನಾದರೋ ಒಂದು ಪಾಳಿಯ ಕೂಲಿ ಪಡೆದು ಮನೆಗೆ ಹೋಗುತ್ತಾನೆ. ಆ ಒಂದು ಸಾಲಿನಲ್ಲಿ ಹೆಸರಿರುವುದಕ್ಕೂ ಇಲ್ಲದಿರುವುದಕ್ಕೂ ಮೊಮ್ಮಕ್ಕಳ ಕಾಲದವರೆಗಿನ ವ್ಯತ್ಯಾಸವಿದೆ.

ಹಾಗಿದ್ದರೆ ರಚನೆ ಎಲ್ಲಿ ಮುಗಿಯುತ್ತದೆ, ನುಡಿಕೆ ಎಲ್ಲಿ ಆರಂಭವಾಗುತ್ತದೆ? 1983ರಲ್ಲಿ ‘ಟ್ರೂ’ ಹಾಡಿನಿಂದ ಮನೆಮಾತಾದ ಸ್ಪ್ಯಾಂಡೌ ಬ್ಯಾಲೆ ತಂಡದಲ್ಲಿ ಹಾಡುಗಳನ್ನು ಬರೆಯುತ್ತಿದ್ದವರು ಗಿಟಾರ್ ವಾದಕ ಗ್ಯಾರಿ ಕೆಂಪ್. ಗಾಯಕ ಟೋನಿ ಹ್ಯಾಡ್ಲಿ, ಸ್ಯಾಕ್ಸೊಫೋನ್ ವಾದಕ ಸ್ಟೀವ್ ನಾರ್ಮನ್ ಮತ್ತು ಡ್ರಮ್ ವಾದಕ ಜಾನ್ ಕೀಬಲ್ ತಮಗೂ ರಾಯಲ್ಟಿಯಲ್ಲಿ ಪಾಲು ಸಲ್ಲಬೇಕೆಂದು ದಾವೆ ಹೂಡಿ 1999ರಲ್ಲಿ ಸೋತರು. ಕೆಂಪ್ ಹಾಡನ್ನು ಕಟ್ಟಿ ಮುಗಿಸಿಕೊಂಡೇ ತಂಡದ ಮುಂದಿಡುತ್ತಿದ್ದರು, ಉಳಿದವರು ನೀಡಿದ್ದು ಒಳ್ಳೆಯ ಕಲಾವಿದರಿಂದ ನಿರೀಕ್ಷಿಸಬಹುದಾದ ನುಡಿಕೆಯೇ ಹೊರತು ರಚನೆಯಲ್ಲ ಎಂಬುದು ನ್ಯಾಯಾಧೀಶರ ನಿರ್ಣಯ. ಇದಾದ ಮೂರೇ ವರ್ಷಕ್ಕೆ, 2002ರಲ್ಲಿ, ಇನ್ನೊಂದು ತೀರ್ಪು ಬಂತು. ಸ್ಕಾಟ್ಲೆಂಡಿನ ದ ಬ್ಲೂಬೆಲ್ಸ್ ತಂಡ 1984ರಲ್ಲಿ ‘ಯಂಗ್ ಅಟ್ ಹಾರ್ಟ್’ ಹಾಡನ್ನು ಧ್ವನಿಮುದ್ರಿಸಿಕೊಂಡಾಗ ಬಾಬಿ ವ್ಯಾಲೆಂಟಿನೋ ಎಂಬ ಪಿಟೀಲು ವಾದಕರನ್ನು 75 ಪೌಂಡ್ ಕೊಟ್ಟು ಕರೆಸಿಕೊಂಡಿತ್ತು. 1993ರಲ್ಲಿ ಕಾರಿನ ಜಾಹೀರಾತೊಂದರಲ್ಲಿ ಬಂದ ಮೇಲೆ ಆ ಹಾಡು ಎದ್ದು ಕುಳಿತು ಮೊದಲ ಸ್ಥಾನಕ್ಕೇರಿತು. ಹಾಡಿನುದ್ದಕ್ಕೂ ಮರುಕಳಿಸುವ ಆ ಪಿಟೀಲಿನ ಸ್ವರಸಾಲು ವ್ಯಾಲೆಂಟಿನೋ ಅವರದೇ ರಚನೆಯೆಂದು ನ್ಯಾಯಾಲಯ ಒಪ್ಪಿಕೊಂಡು ಅವರನ್ನು ಸಹರಚನೆಕಾರರೆಂದು ಸಾರಿತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಗೆರೆ ಎಲ್ಲಿದೆಯೆಂದು ನನಗೆ ಅಷ್ಟಿಷ್ಟು ತಿಳಿಯುತ್ತದೆ: ಇದ್ದ ಧಾಟಿಗೆ ಮೆರುಗು ಕೊಡುವುದು ನುಡಿಕೆ, ಇಲ್ಲದ ಧಾಟಿಯೊಂದನ್ನು ತಂದು ಸೇರಿಸುವುದು ರಚನೆ. ಆದರೆ ಸ್ಟುಡಿಯೋದಲ್ಲಿ ಕೂತವರಿಗೆ ಆ ಗಳಿಗೆಯಲ್ಲಿ ಈ ಗೆರೆ ಕಾಣುವುದು ಬಹಳ ಕಷ್ಟ.

ಗಾಯಕಿ ಕ್ಲೇರ್ ಟೋರಿ ಅವರ ಪ್ರಸಂಗವನ್ನು ಕರ್ನಾಟಕ ಸಂಗೀತ ಕೇಳಿ ಬೆಳೆದವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. 1973ರ ಜನವರಿಯ ಒಂದು ಭಾನುವಾರ ಪಿಂಕ್ ಫ್ಲಾಯ್ಡ್ ತಂಡ ಅವರನ್ನು ಅಬ್ಬೆ ರೋಡ್ ಸ್ಟುಡಿಯೋಗೆ ಕರೆಸಿತು. ತಂಡದ ರಿಚರ್ಡ್ ರೈಟ್ ಪಿಯಾನೊದಲ್ಲಿ ಕಟ್ಟಿದ ಒಂದು ಭಾಗ ಸಿದ್ಧವಿತ್ತು. ಅದಕ್ಕೆ ಸಾಹಿತ್ಯವಿರಲಿಲ್ಲ, ಗಾಯನದ ಧಾಟಿಯೂ ಇರಲಿಲ್ಲ. ಅವರಿಗೆ ಕೊಟ್ಟ ಸೂಚನೆ ಅತ್ಯಲ್ಪ. ತಮ್ಮ ಕಂಠವನ್ನೇ ಒಂದು ವಾದ್ಯವೆಂದು ಭಾವಿಸಿಕೊಂಡು, ಪದಗಳಿಲ್ಲದೆ, ಅಳಲಿನಿಂದ ಆಕ್ರೋಶಕ್ಕೆ, ಅಲ್ಲಿಂದ ಪಿಸುಮಾತಿಗೆ ಇಳಿಯುವಂತೆ ಅವರು ಹಾಡಿಬಿಟ್ಟರು. ಅದು ಆಲಾಪನೆ. ಸ್ವರಗಳ ಚೌಕಟ್ಟನ್ನು ಬೇರೆಯವರು ಕೊಟ್ಟಿರಬಹುದು, ಆದರೆ ಅದರೊಳಗೆ ಏನು ಹುಟ್ಟಿತೋ ಅದು ಹಾಡಿದವರ ಮನೋಧರ್ಮದಿಂದಲೇ ಹುಟ್ಟಿದ್ದು ಎಂಬುದರಲ್ಲಿ ನಮಗೆ ಅನುಮಾನವೇ ಬರುವುದಿಲ್ಲ. ಟೋರಿ ಅವರಿಗೆ ಸಿಕ್ಕಿದ್ದು ಭಾನುವಾರದ ಸೆಷನ್ ದರವಾದ 30 ಪೌಂಡ್. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಎಂಬ ಆ ಹಾಡಿನ ಕೆಳಗೆ ರಚನೆಕಾರರೆಂದು ರೈಟ್ ಒಬ್ಬರದೇ ಹೆಸರಿತ್ತು. ಅದನ್ನೊಳಗೊಂಡ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮು ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿರುವ ಅಂದಾಜಿದೆ. ಟೋರಿ 2004ರಲ್ಲಿ ದಾವೆ ಹೂಡಿದರು, 2005ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಆಮೇಲಿನ ಮುದ್ರಣಗಳಲ್ಲಿ ಗಾಯನದ ರಚನೆ ಕ್ಲೇರ್ ಟೋರಿಯವರದು ಎಂದು ಸ್ಪಷ್ಟವಾಗಿ ಬರೆಯಲಾಗುತ್ತಿದೆ. ಮೂವತ್ತೆರಡು ವರ್ಷಗಳ ನಂತರ ಬಂದರೂ ಆ ಸಾಲನ್ನು ಓದುವಾಗ ನನಗೆ ಬಹಳ ಸಮಾಧಾನವಾಗುತ್ತದೆ.

ಆದರೆ ಕೇಳುಗರ ಕಿವಿ ಸದಾ ನ್ಯಾಯವಾಗಿಯೇ ಇರುತ್ತದೆಂದು ಹೇಳುವಂತಿಲ್ಲ. ಗೆರ್ರಿ ರ‍್ಯಾಫರ್ಟಿ ಅವರ 1978ರ ‘ಬೇಕರ್ ಸ್ಟ್ರೀಟ್’ ಹಾಡನ್ನು ತೆಗೆದುಕೊಳ್ಳಿ. ಸ್ಕಾಟ್ಲೆಂಡಿನ ಪೇಸ್ಲಿಯವರಾದ ಅವರು ತಮ್ಮ ಹಿಂದಿನ ತಂಡದ ಕಾನೂನು ವ್ಯಾಜ್ಯಗಳಿಗಾಗಿ ಮತ್ತೆಮತ್ತೆ ಲಂಡನ್ನಿಗೆ ಬರಬೇಕಾಗಿದ್ದ ದಿನಗಳಲ್ಲಿ ಬೇಕರ್ ಸ್ಟ್ರೀಟಿನ ಸ್ನೇಹಿತರ ಮನೆಯಲ್ಲಿ ಉಳಿದುಕೊಳ್ಳುತ್ತಿದ್ದರು. ಹಾಡಿನ ದಣಿವು, ಊರಿನ ಹಂಬಲ ಎಲ್ಲವೂ ಅಲ್ಲಿಂದ ಬಂದದ್ದು. ಆ ಹಾಡಿನ ಗುರುತೆಂದರೆ ರಾಫೇಲ್ ರೇವನ್ಸ್‌ಕ್ರಾಫ್ಟ್ ನುಡಿಸಿದ ಸ್ಯಾಕ್ಸೊಫೋನ್. ಆ ಸ್ವರಸಾಲು ಅವರದೇ ರಚನೆ, ರ‍್ಯಾಫರ್ಟಿ ಅದಕ್ಕೆ ಮನ್ನಣೆ ಕೊಡಲಿಲ್ಲವೆಂದು ಬಹಳ ಜನ ದಶಕಗಳ ಕಾಲ ನಂಬಿದ್ದರು. ಆದರೆ 2011ರಲ್ಲಿ ಆ ಆಲ್ಬಮ್ಮಿನ ಮರುಮುದ್ರಣದೊಂದಿಗೆ ಹೊರಬಂದ ಆರಂಭದ ಕರಡು ಮುದ್ರಣದಲ್ಲಿ ಅದೇ ಸ್ವರಗಳು ಗಿಟಾರಿನಲ್ಲಿ ಕೇಳಿಸುತ್ತವೆ. ಧಾಟಿ ರ‍್ಯಾಫರ್ಟಿಯವರದೇ. ರೇವನ್ಸ್‌ಕ್ರಾಫ್ಟ್ ಕೊಟ್ಟದ್ದು ಉಸಿರು ಮತ್ತು ನಾದ, ಅದೂ ಸಣ್ಣ ಕೊಡುಗೆಯಲ್ಲ. ಗಿಟಾರಿನ ಕರಡನ್ನು ಕೇಳಿದರೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಆದರೂ ನಾನು ಮೇಲೆ ಹೇಳಿದ ಗೆರೆಯ ಪ್ರಕಾರ ಅದು ನುಡಿಕೆ.

ದ ಪೊಲೀಸ್ ತಂಡದ ‘ಎವ್ರಿ ಬ್ರೆತ್ ಯೂ ಟೇಕ್’ ರಚನೆ, ನುಡಿಕೆ ಈ ಎರಡರ ನಡುವೆ ನಿಲ್ಲುತ್ತದೆ. ತಂಡದ ಗಾಯಕ ಸ್ಟಿಂಗ್ ಅದನ್ನು ಬರೆದದ್ದು 1982ರಲ್ಲಿ ಜಮೈಕಾದ ಗೋಲ್ಡನ್‌ಐ ಎಂಬ ಮನೆಯಲ್ಲಿ, ಮಾಂಟ್ಸೆರಾಟ್ ದ್ವೀಪದ ಸ್ಟುಡಿಯೋದಲ್ಲಿ ತಂಡ ಅದನ್ನು ಧ್ವನಿಮುದ್ರಿಸಿತು, 1983ರಲ್ಲಿ ಅದು ಬ್ರಿಟನ್ನಿನಲ್ಲಿ ನಾಲ್ಕು ವಾರ, ಅಮೆರಿಕದಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಹಾಡಿನ ಅಡಿಯಲ್ಲಿ ಎಡೆಬಿಡದೆ ಓಡುವ ಗಿಟಾರ್ ನಡೆಯನ್ನು ರೂಪಿಸಿದವರು ತಂಡದ ಗಿಟಾರ್ ವಾದಕ ಆ್ಯಂಡಿ ಸಮರ್ಸ್. ಹಂಗೇರಿಯ ಸಂಗೀತಗಾರ ಬಾರ್ಟೋಕ್ ಅವರ ರಚನೆಗಳ ಪ್ರಭಾವ ಅದರಲ್ಲಿದೆಯೆಂದು ಅವರು ಹೇಳಿದ್ದಾರೆ. ಸ್ವರಗಳ ಕ್ರಮ ಸ್ಟಿಂಗ್ ಅವರದು, ಅದನ್ನು ಒಂದೊಂದೇ ತಂತಿಗೆ ಬಿಡಿಸಿ ಹೆಣೆದ ಬಗೆ ಸಮರ್ಸ್ ಅವರದು. 1997ರಲ್ಲಿ ಅಮೆರಿಕದ ರ‍್ಯಾಪ್ ಗಾಯಕ ಪಫ್ ಡ್ಯಾಡಿ ತಮ್ಮ ಅಗಲಿದ ಗೆಳೆಯನ ನೆನಪಿನ ಹಾಡಿಗೆ ಆ ಗಿಟಾರನ್ನೇ ಹಾಗೆಹಾಗೇ ಬಳಸಿಕೊಂಡಾಗ, ರಚನೆಯ ರಾಯಲ್ಟಿ ಹೋದದ್ದು ಸ್ಟಿಂಗ್ ಅವರಿಗೆ. ಗಿಟಾರಿನ ನಡೆಯೇ ಎರಡನೆಯ ಹಾಡಿನ ಆಧಾರವಾಗಿರುವಾಗ ಅದನ್ನು ಅಲಂಕಾರವೆಂದು ಕರೆಯುವುದು ನನಗೆ ಸರಿಕಾಣುವುದಿಲ್ಲ. 2025ರಲ್ಲಿ ಸಮರ್ಸ್ ಮತ್ತು ಡ್ರಮ್ ವಾದಕ ಸ್ಟೂವರ್ಟ್ ಕೋಪ್‌ಲ್ಯಾಂಡ್ ರಾಯಲ್ಟಿಯ ವಿಷಯವಾಗಿ ಲಂಡನ್ನಿನ ಹೈಕೋರ್ಟಿನಲ್ಲಿ ಸ್ಟಿಂಗ್ ವಿರುದ್ಧ ದಾವೆ ಹೂಡಿದ್ದಾರೆ.

ಇದಕ್ಕೆ ತಿರುವುಮುರುವಾದ ತೊಡಕೂ ಉಂಟು: ಬರೆದವರಿಗಿಂತ ಹೆಚ್ಚು ಹೆಸರು ಸಾಲಿನಲ್ಲಿರುವುದು. ‘ಯೆಸ್ಟರ್ಡೇ’ ಹಾಡಿನ ಧಾಟಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರಿಗೆ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಮನೆಯೊಂದರಲ್ಲಿ ಮಲಗಿದ್ದಾಗ ಕನಸಿನಲ್ಲಿ ಬಂತು. ಬೇರೆ ಯಾರದೋ ಧಾಟಿ ತಮ್ಮ ತಲೆಯಲ್ಲಿ ಉಳಿದಿರಬೇಕೆಂದು ಅನುಮಾನಿಸಿ ಅವರು ಬಹುದಿನ ಸಿಕ್ಕವರನ್ನೆಲ್ಲ ಕೇಳುತ್ತ ತಿರುಗಿದರು. 1965ರ ಜೂನ್ 14ರಂದು ಗಿಟಾರ್ ಹಿಡಿದು ಒಬ್ಬರೇ ಹಾಡಿದರು. ಬೀಟಲ್ಸ್‌ನ ಉಳಿದ ಮೂವರೂ ಅದರಲ್ಲಿ ನುಡಿಸಿಲ್ಲ. ಮೂರು ದಿನಗಳ ನಂತರ ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರು ಬರೆದ ನಾಲ್ಕು ತಂತಿವಾದ್ಯಗಳ ಭಾಗವನ್ನು ಸೇರಿಸಲಾಯಿತು. ಆದರೂ ಜಾನ್ ಲೆನನ್, ಮೆಕಾರ್ಟ್ನಿ ಇಬ್ಬರಲ್ಲಿ ಯಾರು ಬರೆದರೂ ಇಬ್ಬರ ಹೆಸರೂ ಇರಬೇಕೆಂದು ಎಳೆಯ ವಯಸ್ಸಿನಲ್ಲಿ ಮಾಡಿಕೊಂಡ ಒಪ್ಪಂದದಂತೆ ಹಾಡಿನ ಕೆಳಗೆ ಬಂದದ್ದು ಲೆನನ್–ಮೆಕಾರ್ಟ್ನಿ ಎಂದೇ. ಲೆನನ್ ತೀರಿಹೋದ ಎಷ್ಟೋ ವರ್ಷಗಳ ಮೇಲೆ, ಈ ಒಂದು ಹಾಡಿಗಾದರೂ ತಮ್ಮ ಹೆಸರು ಮೊದಲು ಬರಲಿ ಎಂದು ಮೆಕಾರ್ಟ್ನಿ ಕೇಳಿದಾಗ ಲೆನನ್ ಅವರ ಪತ್ನಿ ಯೋಕೊ ಓನೊ ಒಪ್ಪಲಿಲ್ಲ. ಇನ್ನು ಅವರ ಹಾಡುಗಳ ಪ್ರಕಾಶನ ಸಂಸ್ಥೆಯಾದ ನಾರ್ದರ್ನ್ ಸಾಂಗ್ಸ್ 1969ರಲ್ಲಿ ಎಟಿವಿ ಕಂಪನಿಯ ಪಾಲಾಗಿತ್ತು, 1985ರಲ್ಲಿ ಆ ಭಂಡಾರವನ್ನು ಮೈಕೆಲ್ ಜ್ಯಾಕ್ಸನ್ 4.75 ಕೋಟಿ ಡಾಲರಿಗೆ ಕೊಂಡರು. ಆದರೆ ಆ ಇಬ್ಬರ ಸ್ನೇಹದ ಒಪ್ಪಂದವನ್ನು ನಾನು ಗೌರವಿಸುತ್ತೇನೆ. ಪರಸ್ಪರ ಪೈಪೋಟಿಯಿಂದಲೇ ಇಬ್ಬರೂ ಬೆಳೆದ ಆ ವರ್ಷಗಳಲ್ಲಿ ಒಬ್ಬರ ಹಾಡಿಗೆ ಇನ್ನೊಬ್ಬರು ಪಕ್ಕದ ಕುರ್ಚಿಯಲ್ಲಿ ಇದ್ದದ್ದೂ ಒಂದು ಬಗೆಯ ಕೊಡುಗೆಯೇ.

ಗಾಯಕ ಎಲ್ಟನ್ ಜಾನ್ ಮತ್ತು ಸಾಹಿತ್ಯ ಬರೆಯುವ ಬರ್ನಿ ಟಾಪಿನ್ ಅವರ ಜೋಡಿಯಲ್ಲಿ ಇಂಥ ತಕರಾರಿಗೆ ಎಡೆಯೇ ಇಲ್ಲ. 1967ರಲ್ಲಿ ಲಿಬರ್ಟಿ ರೆಕಾರ್ಡ್ಸ್ ಕೊಟ್ಟ ಜಾಹೀರಾತಿಗೆ ಇಬ್ಬರೂ ಬೇರೆಬೇರೆಯಾಗಿ ಓಗೊಟ್ಟರು. ಲಿಂಕನ್‌ಶೈರಿನ ಹಳ್ಳಿಯ ಹುಡುಗ ಟಾಪಿನ್ ಕಳಿಸಿದ್ದ, ಇನ್ನೂ ತೆರೆಯದಿದ್ದ ಲಕೋಟೆಯನ್ನು ಕಚೇರಿಯವರು ಎಲ್ಟನ್ ಕೈಗಿತ್ತರು. ಅಂದಿನಿಂದ ಸಾಹಿತ್ಯ ಮೊದಲು, ಧಾಟಿ ಆಮೇಲೆ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಬರೆಯುವುದಿಲ್ಲ. ‘ಯುವರ್ ಸಾಂಗ್’ ಸಾಹಿತ್ಯವನ್ನು ಟಾಪಿನ್ ಬರೆದದ್ದು ಎಲ್ಟನ್ ಅವರ ತಾಯಿಯ ಮನೆಯಲ್ಲಿ, ಬೆಳಗಿನ ತಿಂಡಿಯ ಮೇಜಿನ ಮೇಲೆ. ಆ ಹಾಡಿನ ತಂತಿವಾದ್ಯಗಳನ್ನು ಹೆಣೆದ ಪಾಲ್ ಬಕ್‌ಮಾಸ್ಟರ್ ಅವರನ್ನು ಮಾತ್ರ ಇಲ್ಲಿಯೂ ಕೆಲವರಷ್ಟೇ ನೆನೆಯುತ್ತಾರೆ.

ಕೊನೆಯದಾಗಿ ಎಲ್ಲಕ್ಕಿಂತ ಹೆಚ್ಚು ಸಿಕ್ಕುಸಿಕ್ಕಾದ ಪ್ರಕರಣ. ದ ವರ್ವ್ ತಂಡದ ‘ಬಿಟರ್ ಸ್ವೀಟ್ ಸಿಂಫನಿ’ 1997ರಲ್ಲಿ ಹೊರಬಂದು ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಸಾಹಿತ್ಯವೂ ಗಾಯನದ ಧಾಟಿಯೂ ತಂಡದ ಗಾಯಕ ರಿಚರ್ಡ್ ಆಶ್‌ಕ್ರಾಫ್ಟ್ ಅವರದು. ಆದರೆ ಹಾಡಿಗೆ ಬುನಾದಿಯಾಗಿ ಅವರು ಬಳಸಿಕೊಂಡದ್ದು, ದ ರೋಲಿಂಗ್ ಸ್ಟೋನ್ಸ್‌ನ ‘ದ ಲಾಸ್ಟ್ ಟೈಮ್’ ಹಾಡಿಗೆ ಆ್ಯಂಡ್ರ್ಯೂ ಓಲ್ಡಮ್ ಅವರ ವಾದ್ಯವೃಂದ 1960ರ ದಶಕದಲ್ಲಿ ಮಾಡಿದ ವಾದ್ಯರೂಪದ ತುಣುಕನ್ನು. ಧ್ವನಿಮುದ್ರಣದ ತುಣುಕಿಗೆ ಅನುಮತಿ ಸಿಕ್ಕಿತ್ತು. ರಚನೆಯ ಹಕ್ಕನ್ನು ಹೊಂದಿದ್ದ ಅಲೆನ್ ಕ್ಲೈನ್ ಮಾತ್ರ ಒಪ್ಪಿದ್ದಕ್ಕಿಂತ ಹೆಚ್ಚು ಬಳಸಲಾಗಿದೆಯೆಂದು ಪಟ್ಟುಹಿಡಿದರು. ಪರಿಣಾಮವಾಗಿ ಆಶ್‌ಕ್ರಾಫ್ಟ್ ರಾಯಲ್ಟಿಯನ್ನು ಬಿಟ್ಟುಕೊಡಬೇಕಾಯಿತು, ಹಾಡಿನ ಕೆಳಗೆ ‘ದ ಲಾಸ್ಟ್ ಟೈಮ್’ ರಚನೆಕಾರರಾದ ಸ್ಟೋನ್ಸ್‌ನ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ಅವರ ಹೆಸರು ಸೇರಿತು. ಇಪ್ಪತ್ತೆರಡು ವರ್ಷಗಳ ನಂತರ, 2019ರ ಮೇ ತಿಂಗಳಲ್ಲಿ, ಹಾಡು ಬರೆಯುವವರಿಗೆ ಕೊಡುವ ಐವರ್ ನೊವೆಲ್ಲೊ ಪ್ರಶಸ್ತಿ ಸಮಾರಂಭದ ದಿನ, ಜ್ಯಾಗರ್ ಮತ್ತು ರಿಚರ್ಡ್ಸ್ ಆ ಹಾಡಿನ ಪಾಲನ್ನು ತಮಗೆ ಬಿಟ್ಟುಕೊಟ್ಟಿದ್ದಾರೆಂದು ಆಶ್‌ಕ್ರಾಫ್ಟ್ ಸಾರಿದರು.

ಜ್ಯಾಗರ್ ಮತ್ತು ರಿಚರ್ಡ್ಸ್ ಅವರ ‘ದ ಲಾಸ್ಟ್ ಟೈಮ್’ ಕೂಡ ಗಾಳಿಯಿಂದ ಬಂದದ್ದಲ್ಲ. ಅಮೆರಿಕದ ಸ್ಟೇಪಲ್ ಸಿಂಗರ್ಸ್ ಕುಟುಂಬ 1950ರ ದಶಕದಲ್ಲಿ ಹಾಡಿದ ಭಕ್ತಿಗೀತೆಯೊಂದನ್ನು ಆಧರಿಸಿದ್ದೆಂದು ರಿಚರ್ಡ್ಸ್ ಅವರೇ ಒಪ್ಪಿಕೊಂಡಿದ್ದಾರೆ. ಜನ ‘ಬಿಟರ್ ಸ್ವೀಟ್ ಸಿಂಫನಿ’ಯನ್ನು ಗುರುತಿಸುವುದು ಅದರ ತಂತಿವಾದ್ಯಗಳಿಂದ. ಸ್ಟೋನ್ಸ್ ಹಾಡಿದ ಮೂಲದಲ್ಲಿ ಆ ತಂತಿವಾದ್ಯಗಳಿಲ್ಲ. ಓಲ್ಡಮ್ ವಾದ್ಯವೃಂದಕ್ಕಾಗಿ ಅವನ್ನು ಬರೆದುಕೊಟ್ಟವರು ಡೇವಿಡ್ ವಿಟೇಕರ್. 1997ರಲ್ಲಿ ಅದರ ಮೇಲೆ ಮತ್ತಷ್ಟು ತಂತಿವಾದ್ಯಗಳನ್ನು ಹೆಣೆದವರು ವಿಲ್ ಮ್ಯಾಲೋನ್. 2019ರ ಆ ಘೋಷಣೆ ನಡೆದದ್ದು ಜ್ಯಾಗರ್, ರಿಚರ್ಡ್ಸ್ ಮತ್ತು ಆಶ್‌ಕ್ರಾಫ್ಟ್ ಅವರ ನಡುವೆ. ವಿಟೇಕರ್ 2012ರಲ್ಲಿಯೇ ತೀರಿಕೊಂಡಿದ್ದರು.